ಒಂದೇ ಲೆನ್ಸ್, ಎರಡು ಬಾಡಿ: ಕ್ಯಾನನ್ ಆರ್50 ಮತ್ತು ಆರ್8ರ ಮೇಲೆ 50 ಎಂಎಂ ಎಫ್/1.8

ಬೆಳಗಾವಿಯ ಖಡೇಬಜಾರಿರಲಿ, ವಿಜಯಪುರದ ಪೇಟೆಯಿರಲಿ, ಕ್ಯಾಮೆರಾ ಕೊಳ್ಳಲು ಬಂದವರ ಮೊದಲ ಪ್ರಶ್ನೆ ಒಂದೇ: "ಫುಲ್ ಫ್ರೇಮ್ ತಗೊಂಡ್ರ ಹಿಂದಿಂದು ಚಲೋ ಬ್ಲರ್ ಆಗ್ತದೇನ್ರಿ?" ಬರುವ ಉತ್ತರವೂ ಒಂದೇ: "ಹೌದ್ರಿ, ಸೆನ್ಸರ್ ದೊಡ್ಡದಿದ್ದಷ್ಟೂ ಬ್ಲರ್ ಜಾಸ್ತಿ." ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಅದು ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಿದ್ದರೆ ಫುಲ್ ಫ್ರೇಮ್. ಈ ಉತ್ತರ ಅರ್ಧ ಮಾತ್ರ ನಿಜ. ಇದನ್ನೇ ನಂಬಿ ಕ್ಯಾಮೆರಾ ಮೇಲೆ ಎರಡು ಪಟ್ಟು ದುಡ್ಡು ಸುರಿದು, ಡಬ್ಬಿಯಲ್ಲಿ ಬಂದ ಕಿಟ್ ಲೆನ್ಸನ್ನೇ ಹಾಕಿಕೊಂಡು ಮದುವೆಗೆ ಹೊರಟವರಿಗೆ ಆ ಬ್ಲರ್ ಸಿಗುವುದಿಲ್ಲ.

ಈ ಮಾತನ್ನು ಒರೆಗೆ ಹಚ್ಚಲು ಕ್ಯಾನನ್ ಆರ್50 ಮತ್ತು ಆರ್8 ಹೇಳಿ ಮಾಡಿಸಿದಂಥ ಜೋಡಿ. ಎರಡೂ 2023ರ ಫೆಬ್ರುವರಿಯಲ್ಲಿ ಪ್ರಕಟವಾದವು. ಎರಡೂ 24.2 ಮೆಗಾಪಿಕ್ಸೆಲ್, ಎರಡಕ್ಕೂ ಆರ್‌ಎಫ್ ಮೌಂಟ್ (ಲೆನ್ಸ್ ಕೂಡಿಸುವ ಬಾಯಿ), ಎರಡಕ್ಕೂ ಅದೇ ಎಲ್‌ಪಿ-ಇ17 ಬ್ಯಾಟರಿ. ಬ್ಯಾಟರಿ, ಕಾರ್ಡ್ ಹಾಕಿ ತೂಗಿದರೆ ಆರ್50 375 ಗ್ರಾಂ, ಆರ್8 461 ಗ್ರಾಂ. ಬೆಲೆಯಲ್ಲಿ ಸುಮಾರು ಎರಡು ಪಟ್ಟು ಅಂತರ. ಡೆಪ್ತ್, ಅಂದರೆ ಫೋಟೋದಲ್ಲಿ ಎಷ್ಟು ಆಳ ಚೊಕ್ಕ ಕಾಣುತ್ತದೆ ಎನ್ನುವ ವಿಷಯಕ್ಕೆ ಬಂದರೆ ಇವುಗಳ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಸೆನ್ಸರಿನ ಅಳತೆ ಒಂದೇ. ಆರ್8ರದು 36 × 24 ಎಂಎಂ ಫುಲ್ ಫ್ರೇಮ್, ಆರ್50ರದು 22.3 × 14.9 ಎಂಎಂ ಎಪಿಎಸ್-ಸಿ. ಅಂದರೆ ಉದ್ದಗಲದಲ್ಲಿ 1.6 ಪಟ್ಟು ಚಿಕ್ಕದು, ಇದಕ್ಕೇ 1.6 ಪಟ್ಟು ಕ್ರಾಪ್ ಅನ್ನುವುದು.

ಎರಡಕ್ಕೂ ಹಾಕಿದ್ದು ಆರ್‌ಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. 160 ಗ್ರಾಂ ತೂಕ, 43 ಎಂಎಂ ಫಿಲ್ಟರ್, ಏಳು ಎಲೆಗಳ ಅಪರ್ಚರ್ (ಬೆಳಕು ಒಳಬರುವ ತೂತು). ಆರ್‌ಎಫ್ ಲೆನ್ಸುಗಳ ಪೈಕಿ ಬಡವರ ಕೈಗೂ ಎಟುಕುವಂಥದ್ದು.

ಮೊದಲು ಬ್ಲರಿನ ಮಾತು. ಅದರ ಗುಟ್ಟು ಇರುವುದು ಲೆನ್ಸಿನ ತೂತಿನಲ್ಲಿ. ಫೋಕಲ್ ಲೆಂತ್ 50 ಎಂಎಂ ಅನ್ನು ಎಫ್ ಸಂಖ್ಯೆ 1.8ರಿಂದ ಭಾಗಿಸಿದರೆ ಸುಮಾರು 28 ಎಂಎಂ. ಲೆನ್ಸನ್ನು ಎದುರಿನಿಂದ ಇಣುಕಿ ನೋಡಿದರೆ ಕಾಣುವ ತೂತಿನ ಅಗಲ ಅದು. ಹತ್ತು ರೂಪಾಯಿ ನಾಣ್ಯ 27 ಎಂಎಂ, ಅದಕ್ಕಿಂತ ಕೂದಲೆಳೆ ದೊಡ್ಡದು. ಈಗ ಮದುಮಗಳ ಕಣ್ಣಿಗೆ ಫೋಕಸ್ ಹಿಡಿದಿದ್ದೀರಿ, ಅವಳ ಹಿಂದೆ ಬಹಳ ದೂರದಲ್ಲಿ ಒಂದು ಬಲ್ಬು ಉರಿಯುತ್ತಿದೆ ಅನ್ನಿ. ಫೋಟೋದಲ್ಲಿ ಆ ಬಲ್ಬು ಎಷ್ಟು ದೊಡ್ಡ ಬಿಲ್ಲೆಯಾಗಿ ಅರಳುತ್ತದೆ? ಅವಳ ಕೆನ್ನೆಯ ಪಕ್ಕ ಒಂದು ಹತ್ತು ರೂಪಾಯಿ ನಾಣ್ಯ ಹಿಡಿದರೆ ಎಷ್ಟು ಕಾಣುತ್ತದೋ ಅಷ್ಟು. ಫೋಕಸ್ ಹಿಡಿದ ಜಾಗದಲ್ಲಿ ಅಳೆದರೆ, ದೂರದ ಬೆಳಕಿನ ಬಿಲ್ಲೆ ಯಾವಾಗಲೂ ಲೆನ್ಸಿನ ತೂತಿನಷ್ಟೇ ಅಗಲ ಇರುತ್ತದೆ. ಈ ಲೆಕ್ಕದಲ್ಲಿ ಸೆನ್ಸರಿನ ಹೆಸರೇ ಬರುವುದಿಲ್ಲ.

ಈ ಒಂದು ಸೂತ್ರ ಮನಸ್ಸಿನಲ್ಲಿದ್ದರೆ ಯಾವ ಲೆನ್ಸನ್ನಾದರೂ ಅಂಗಡಿಯಲ್ಲೇ ತೂಗಬಹುದು. ದೊಡ್ಡ ಸೆನ್ಸರಿನ ಫೋನಿನ ಮುಖ್ಯ ಕ್ಯಾಮೆರಾದ ನಿಜವಾದ ಫೋಕಲ್ ಲೆಂತ್ ಸುಮಾರು 7 ಎಂಎಂ, ಎಫ್/1.8 ಆದರೆ ತೂತು 4 ಎಂಎಂ, ಅಂದರೆ ಒಂದು ಬಿಳಿಜೋಳದ ಕಾಳು. ಆರ್50 ಜೊತೆ ಬರುವ 18-45 ಕಿಟ್ ಲೆನ್ಸ್ 45 ಎಂಎಂನಲ್ಲಿ ಎಫ್/6.3, ತೂತು 7 ಎಂಎಂ. ಆರ್8 ಜೊತೆ ಬರುವ 24-50 ಕಿಟ್ ಲೆನ್ಸ್ 50 ಎಂಎಂನಲ್ಲಿ ಅದೇ ಎಫ್/6.3, ತೂತು 8 ಎಂಎಂ. ಎರಡೂ ಕಡಲೆ ಕಾಳು. ಇನ್ನು ಆರ್‌ಎಫ್ 85 ಎಂಎಂ ಎಫ್/2 ತೆಗೆದುಕೊಂಡರೆ 42 ಎಂಎಂ ದಾಟುತ್ತದೆ, ಇಂಡಿ ತಾಲೂಕಿನ ನಿಂಬೆಹಣ್ಣಿನಷ್ಟು.

ಹಾಗಾಗಿ ಆರ್8ಕ್ಕೆ ಕಿಟ್ ಲೆನ್ಸ್ ಹಾಕಿದವರ ಕೈಯಲ್ಲಿರುವುದು ಕಡಲೆ ಕಾಳು, ಆರ್50ಕ್ಕೆ 50 ಎಫ್/1.8 ಹಾಕಿದವರ ಕೈಯಲ್ಲಿ ಹತ್ತು ರೂಪಾಯಿ ನಾಣ್ಯ. ಬ್ಲರಿಗಾಗಿ ಫುಲ್ ಫ್ರೇಮ್ ಕಿಟ್ ಕೊಳ್ಳುವುದು ದುಡ್ಡು ನೀರಿಗೆ ಹಾಕಿದಂತೆ.

ಹಾಗಾದರೆ ಸೆನ್ಸರ್ ಮಾಡುವುದೇನು? ನೀವು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅದು ಹೇಳುತ್ತದೆ. ಆರ್8ಕ್ಕೆ 50 ಎಂಎಂ ಹಾಕಿ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ 2 ಮೀಟರ್ ದೂರ ನಿಂತರೆ 1.44 ಮೀಟರ್ ಎತ್ತರದ ಜಾಗ ಹಿಡಿಯುತ್ತದೆ. ಮನುಷ್ಯ ಮೊಣಕಾಲಿನಿಂದ ತಲೆವರೆಗೆ ಬರುತ್ತಾನೆ. ಅದೇ ಲೆನ್ಸ್ ಆರ್50ರಲ್ಲಿದ್ದರೆ ಅಷ್ಟೇ ಜಾಗ ಹಿಡಿಯಲು 3.2 ಮೀಟರ್ ದೂರಕ್ಕೆ ಸರಿಯಬೇಕು.

ಇಲ್ಲಿ ಫೋಟೋಗ್ರಾಫರರು ವರ್ಷಗಟ್ಟಲೆ ಜಗಳ ಆಡುವ ಗಂಟೊಂದಿದೆ. ಚೊಕ್ಕಾಗಿ ಕಾಣುವ ಪಟ್ಟಿಯ ದಪ್ಪ, ಅಂದರೆ ಡೆಪ್ತ್ ಆಫ್ ಫೀಲ್ಡ್, ಆರ್8ರಲ್ಲಿ 2 ಮೀಟರಿಗೆ ಎಫ್/1.8 ಇಟ್ಟಾಗ ಸುಮಾರು 17 ಸೆಂಟಿಮೀಟರ್. ಫೋಕಸ್ ಬಿಂದುವಿನ ಮುಂದೆ 8, ಹಿಂದೆ 9. ಅದೇ ಜಾಗ, ಅದೇ ಲೆನ್ಸ್, ಅದೇ ಎಫ್/1.8, ಬಾಡಿ ಮಾತ್ರ ಆರ್50 ಆದರೆ ಡೆಪ್ತ್ 11 ಸೆಂಟಿಮೀಟರಿಗೆ ಇಳಿಯುತ್ತದೆ. ಹೌದು, ಚಿಕ್ಕ ಸೆನ್ಸರಿನಲ್ಲಿ ಡೆಪ್ತ್ ಕಡಿಮೆ. ಲೆನ್ಸ್ ಒಳಗೆ ಹಾಕಿಕೊಟ್ಟ ಚಿತ್ರ ಎರಡರಲ್ಲೂ ಒಂದೇ. ಆದರೆ ಚಿಕ್ಕ ಸೆನ್ಸರಿನ ಚಿತ್ರವನ್ನು ಅದೇ ಅಳತೆಯ ಕಾಗದಕ್ಕೆ ತರಲು 1.6 ಪಟ್ಟು ಹೆಚ್ಚು ಹಿಗ್ಗಿಸಬೇಕು, ಆಗ ಸಣ್ಣ ಮಸುಕೂ ಕಣ್ಣಿಗೆ ಬೀಳುತ್ತದೆ. ಆದರೆ ಆ ಫೋಟೋದಲ್ಲಿ ಸೊಂಟದ ಕೆಳಗಿನದು ಕತ್ತರಿಸಿ ಹೋಗಿರುತ್ತದೆ, ಅದು ಬೇರೆಯೇ ಫೋಟೋ. ಮೊದಲಿನ ಫೋಟೋವೇ ಬೇಕೆಂದು 3.2 ಮೀಟರಿಗೆ ಸರಿದರೆ ಡೆಪ್ತ್ 28 ಸೆಂಟಿಮೀಟರಿಗೆ ಏರುತ್ತದೆ. 17 ಎಲ್ಲಿ, 28 ಎಲ್ಲಿ. ಸರಿಯಾಗಿ 1.6 ಪಟ್ಟು. "ಚಿಕ್ಕ ಸೆನ್ಸರಿಗೆ ಡೆಪ್ತ್ ಜಾಸ್ತಿ" ಎನ್ನುವವರು ಹಿಂದೆ ಸರಿದು ನೋಡಿದವರು, "ಕಡಿಮೆ" ಎನ್ನುವವರು ನಿಂತಲ್ಲೇ ನಿಂತವರು. ಇಬ್ಬರ ಲೆಕ್ಕವೂ ಸರಿಯಿದೆ.

ಈಗ ಇದನ್ನು ಬಲ್ಬಿನ ಲೆಕ್ಕದ ಜೊತೆ ಇಟ್ಟು ನೋಡಿ. 3.2 ಮೀಟರಿಗೆ ಸರಿದ ಆರ್50ರಲ್ಲಿ ಲೆನ್ಸಿನ ತೂತು ಬದಲಾಗಿಲ್ಲ, ಇನ್ನೂ 28 ಎಂಎಂ. ಹಾಗಾಗಿ ಬಹು ದೂರದ ಬಲ್ಬು ಎರಡೂ ಕ್ಯಾಮೆರಾಗಳಲ್ಲಿ ಒಂದೇ ಅಳತೆಯ ಬಿಲ್ಲೆ. ಮಂಗಲ ಕಾರ್ಯಾಲಯದಲ್ಲಿ ಸೀರಿಯಲ್ ಲೈಟಿನ ಪರದೆ ಮದುಮಗಳ ಬೆನ್ನಿಗೆ 4 ಮೀಟರ್ ಹಿಂದಿದ್ದರೆ ಆರ್8ರಲ್ಲಿ ಬಿಲ್ಲೆ ಹದಿನೆಂಟೂವರೆ ಎಂಎಂ, ಆರ್50ರಲ್ಲಿ ಹದಿನೈದೂವರೆ. ಆಲ್ಬಮ್ ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹಿಂದಿನದು ಸುಮಾರು ಅಷ್ಟೇ ಮಸುಕು, ಮುಖದ ಆಸುಪಾಸಿನಲ್ಲಿ ಮಾತ್ರ 11 ಸೆಂಟಿಮೀಟರ್ ಹೆಚ್ಚು ಚೊಕ್ಕ. ಹಿಂದೆ ಸರಿಯಲು ಜಾಗ ಇರುವ ತನಕ ಆರ್50 ಇಲ್ಲಿ ಸೋತಿಲ್ಲ, ಗೆದ್ದಿದೆ ಅಂತಲೇ ಹೇಳಬೇಕು.

ಹಿಂದಿನ ದೃಶ್ಯ ಮಾತ್ರ ಬದಲಾಗುತ್ತದೆ. ಗೋಳಗುಮ್ಮಟದ ಮುಂದೆ, ಕಟ್ಟಡದಿಂದ 150 ಮೀಟರ್ ಈಚೆಗೆ ಒಬ್ಬರನ್ನು ನಿಲ್ಲಿಸಿ ಅಡ್ಡ ಫ್ರೇಮ್ ತೆಗೆದರೆ ಆರ್8ರಲ್ಲಿ ಹಿಂದೆ ಸುಮಾರು 109 ಮೀಟರ್ ಅಗಲದ ಜಾಗ ಬರುತ್ತದೆ. 44 ಮೀಟರ್ ವ್ಯಾಸದ ಗುಮ್ಮಟ ಅದರಲ್ಲಿ ಐದರಲ್ಲಿ ಎರಡು ಪಾಲು. ಹಿಂದೆ ಸರಿದ ಆರ್50ರಲ್ಲಿ ಬರುವುದು 68 ಮೀಟರ್, ಗುಮ್ಮಟ ಫ್ರೇಮಿನ ಮೂರನೇ ಎರಡು ಪಾಲು ತುಂಬುತ್ತದೆ. ಮನುಷ್ಯ ಎರಡರಲ್ಲೂ ಅಷ್ಟೇ ದೊಡ್ಡ. ಗುಮ್ಮಟದ ಅಬ್ಬರ ತೋರಿಸಬೇಕಾದರೆ ಆರ್50ರ ಫೋಟೋ ಹೆಚ್ಚು ಸೊಗಸು. ನಾಲ್ಕು ಮೂಲೆಯ ಏಳಂತಸ್ತಿನ ಮಿನಾರುಗಳೂ ಸುತ್ತಲಿನ ಆಕಾಶವೂ ಬೇಕೆನ್ನುವವರಿಗೆ ಆರ್8ರದು ಹಿಡಿಸುತ್ತದೆ.

ಜಾಗ ಇರುವ ತನಕ ಅಂದೆವಲ್ಲ, ಆರ್50 ಸೋಲುವುದು ಅಲ್ಲೇ. ನಮ್ಮ ಕಡೆಯ ಮನೆಗಳಲ್ಲಿ 10 × 12 ಅಡಿಯ ಪಡಸಾಲೆ ಅಪರೂಪವಲ್ಲ. ಅರಿಶಿಣ ಹಚ್ಚುವುದು, ಬಳೆ ಇಡಿಸುವುದು, ಉಡಿ ತುಂಬುವುದು ಎಲ್ಲ ಅಲ್ಲೇ. 12 ಅಡಿ ಅಂದರೆ ಸುಮಾರು 3.7 ಮೀಟರ್. ಫೋಟೋಗ್ರಾಫರ್ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಲೆನ್ಸಿನಿಂದ ಎದುರು ಗೋಡೆಗೆ ಉಳಿಯುವುದು 3.2 ಮೀಟರ್. ಆರ್50ಕ್ಕೆ 50 ಎಂಎಂ ಹಾಕಿದರೆ ಮದುಮಗಳು ಎದುರು ಗೋಡೆಗೆ ಆತು ನಿಲ್ಲಬೇಕು. ಆಗ ಅವಳ ಹಿಂದಿನ ಸ್ವಿಚ್ ಬೋರ್ಡು, ಕ್ಯಾಲೆಂಡರು ಎಲ್ಲ ಮುಖದಷ್ಟೇ ಚೊಕ್ಕ. ಆರ್8ರಲ್ಲಿ ಅವಳನ್ನು 2 ಮೀಟರಿಗೆ ನಿಲ್ಲಿಸಿ ಬೆನ್ನ ಹಿಂದೆ 1.2 ಮೀಟರ್ ಬಿಡಬಹುದು, ಗೋಡೆಯ ಮೇಲಿನ ಪ್ರತಿ ಚುಕ್ಕೆಯೂ 10 ಎಂಎಂ ಬಿಲ್ಲೆಯಾಗಿ ಕರಗುತ್ತದೆ. ಅದೇ ಪಡಸಾಲೆಯಲ್ಲಿ ಆರ್50ರಿಂದ ಅಷ್ಟೇ ಕರಗಿಸಬೇಕಾದರೆ 31 ಎಂಎಂ ಎಫ್/1.1 ಲೆನ್ಸ್ ಬೇಕು. ಸಮೀಪಕ್ಕೆ ಬರುವುದು ಸಿಗ್ಮಾದ 30 ಎಂಎಂ ಎಫ್/1.4, ಆರ್‌ಎಫ್ ಮೌಂಟಿಗೂ ಸಿಗುವಂಥದ್ದು. ಅದರ ತೂತು 21 ಎಂಎಂ, ಗೋಡೆಯ ಬಿಲ್ಲೆ 8 ಎಂಎಂ. ಕ್ಯಾನನ್‌ನದೇ 35 ಎಂಎಂ ಎಫ್/1.8 ಹಾಕಿದರೆ ಸ್ವಲ್ಪ ಹಿಂದೆ ಸರಿಯಬೇಕು, ಬಿಲ್ಲೆ 6 ಎಂಎಂಗೆ ಇಳಿಯುತ್ತದೆ. ಮನೆಯೊಳಗಿನ ಶಾಸ್ತ್ರಗಳೇ ನಿಮ್ಮ ಹೊಟ್ಟೆಪಾಡಾದರೆ ಆರ್8ರ ಹೆಚ್ಚಿನ ದುಡ್ಡು ಸಾರ್ಥಕ.

ಎಫ್/1.8 ಕೈಗೆ ಬಂದ ಕೂಡಲೇ ಎಲ್ಲ ಫೋಟೋವನ್ನೂ ಅದರಲ್ಲೇ ತೆಗೆಯುವ ಚಟ ಅಂಟುತ್ತದೆ. ಮದುವೆಯಲ್ಲಿ ಫೋಟೋ ಕೆಡುವುದು ಬಹುಪಾಲು ಇದರಿಂದಲೇ. ಆರ್8ರಲ್ಲಿ 1 ಮೀಟರಿಗೆ, ಅಂದರೆ ಎದೆಮಟ್ಟದ ಫೋಟೋಕ್ಕೆ ಹತ್ತಿರ ಹೋದರೆ ಡೆಪ್ತ್ ಬರೀ 4 ಸೆಂಟಿಮೀಟರ್. ಮದುಮಗನ ಹಣೆಗೆ ಕಟ್ಟಿದ ಬಾಸಿಂಗ ಮುಖಕ್ಕಿಂತ ಮುಂದೆ ಚಾಚಿರುತ್ತದೆ, ಮುಂಡಾವಳಿಯ ಎಳೆಗಳು ಕಣ್ಣಿನ ಪಕ್ಕದಲ್ಲೇ ತೂಗುತ್ತಿರುತ್ತವೆ. ಫೋಕಸ್ ಕಣ್ಣಿನ ಬದಲು ಬಾಸಿಂಗದ ಜರಿಯ ಮೇಲೆ ಕೂತರೆ ಜರಿಯ ಒಂದೊಂದು ಎಳೆಯೂ ಎಣಿಸುವಷ್ಟು ಚೊಕ್ಕ, ಎರಡೂ ಕಣ್ಣು ಮಂಜು. ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ, ಹಿಗ್ಗಿಸಿ ನೋಡಿದಾಗಲೇ ತಿಳಿಯುವುದು. ಫೋಕಸ್ ಹಿಡಿದ ಮೇಲೆ ದೇಹ 3 ಸೆಂಟಿಮೀಟರ್ ಮುಂದಕ್ಕೆ ವಾಲಿದರೂ ಸಾಕು, ಕಣ್ಣು ಪಟ್ಟಿಯಿಂದ ಹೊರಗೆ. ಅದಕ್ಕೆ ಇಷ್ಟು ಹತ್ತಿರದಲ್ಲಿ ಒನ್ ಶಾಟ್ (ಒಮ್ಮೆ ಹಿಡಿದು ನಿಲ್ಲುವ ಫೋಕಸ್) ಬೇಡ, ಸರ್ವೋ (ಅಲುಗಿದರೂ ಬೆನ್ನು ಹತ್ತುವ ಫೋಕಸ್) ಮತ್ತು ಕಣ್ಣಿನ ಫೋಕಸ್ ಇಟ್ಟು ಎಫ್/2.8ಕ್ಕೆ ಬನ್ನಿ. ಆರ್50ರಲ್ಲಿ ಇದೇ ಫೋಟೋ 1.6 ಮೀಟರಿನಿಂದ ಬರುತ್ತದೆ, ಎಫ್/1.8ಕ್ಕೂ 7 ಸೆಂಟಿಮೀಟರ್ ಡೆಪ್ತ್ ಇರುತ್ತದೆ. ಹೊಸಬರ ಕೈಯಲ್ಲಿ ಹೆಚ್ಚು ಫೋಟೋ ಉಳಿಸುವುದು ಇದೇ.

ವಧು-ವರ ಇಬ್ಬರೂ ಒಂದೇ ಫ್ರೇಮಿನಲ್ಲಿ, ಒಬ್ಬರು ಇನ್ನೊಬ್ಬರಿಗಿಂತ ಒಂದು ಗೇಣು ಹಿಂದೆ ನಿಂತಿದ್ದರೆ ಆರ್8ರಲ್ಲಿ 2 ಮೀಟರಿಗೆ ಎಫ್/4 ಬೇಕು, ಆಗ ಡೆಪ್ತ್ 38 ಸೆಂಟಿಮೀಟರ್ ಆಸುಪಾಸು. ಆರ್50ರಲ್ಲಿ 3.2 ಮೀಟರಿನಿಂದ ಅದೇ 38-39 ಸೆಂಟಿಮೀಟರ್ ಎಫ್/2.5ಕ್ಕೇ ಸಿಗುತ್ತದೆ. ಇಲ್ಲಿ ಒಂದು ನೇರ ಗುಣಾಕಾರ ಇದೆ. ಒಂದೇ ಫ್ರೇಮ್ ಬೇಕಾದಾಗ ಆರ್50ರ ಎಫ್ ಸಂಖ್ಯೆಯನ್ನು 1.6ರಿಂದ ಗುಣಿಸಿದರೆ ಆರ್8ರಲ್ಲಿ ಅಷ್ಟೇ ಡೆಪ್ತ್ ಕೊಡುವ ಎಫ್ ಸಂಖ್ಯೆ ಬರುತ್ತದೆ. ವೇದಿಕೆಯ ಮೇಲಿನ ಮೂರು ಸಾಲಿನ ಬೀಗರ ಫೋಟೋಕ್ಕೆ ಇಷ್ಟು ಲೆಕ್ಕ ಬೇಡ. 35 ಎಂಎಂ ಆಸುಪಾಸು, 5 ಮೀಟರ್ ದೂರ, ಆರ್8ರಲ್ಲಿ ಎಫ್/5.6 ಇಟ್ಟರೆ 3 ಮೀಟರಿನಿಂದ ಹೆಚ್ಚುಕಡಿಮೆ 16 ಮೀಟರಿನವರೆಗೆ ಚೊಕ್ಕ.

ಈ ಅಂಕಿಗಳೆಲ್ಲ ಒಂದು ರೂಢಿಯ ಮೇಲೆ ನಿಂತಿವೆ. ಫುಲ್ ಫ್ರೇಮಿನಲ್ಲಿ 0.03 ಎಂಎಂ ಮಸುಕನ್ನು ಕಣ್ಣು ಚೊಕ್ಕ ಅಂತ ಒಪ್ಪುತ್ತದೆ ಎನ್ನುವ ರೂಢಿ ಅದು. 8 × 10 ಇಂಚಿನ ಫೋಟೋವನ್ನು ಕೈಯಲ್ಲಿ ಹಿಡಿದು ನೋಡುವ ಕಾಲದ್ದು, ಸುಮಾರು ಏಳು ಪಟ್ಟು ಹಿಗ್ಗಿಸಿದ ಚಿತ್ರ. ಮದುವೆ ಆಲ್ಬಮ್ ಬಿಚ್ಚಿದರೆ 12 × 36 ಇಂಚು. 36 ಎಂಎಂ ಸೆನ್ಸರಿನ ಚಿತ್ರ 36 ಇಂಚಿಗೆ ಹೋಯಿತೆಂದರೆ 25 ಪಟ್ಟು ಹಿಗ್ಗಿತು. ಅಜ್ಜಿ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿರದಿಂದಲೇ ನೋಡುತ್ತಾಳೆ. ಆಗ ನಮ್ಮ 17 ಸೆಂಟಿಮೀಟರ್ ಡೆಪ್ತ್ ಉಳಿಯುವುದು 5 ಸೆಂಟಿಮೀಟರ್ ಮಾತ್ರ. ವಾಟ್ಸಾಪಿನಲ್ಲಿ ಚೊಕ್ಕ ಕಂಡ ಫೋಟೋ ಆಲ್ಬಮಿನಲ್ಲಿ ಮಂಜಾಗಲು ಕಾರಣ ಬಹುತೇಕ ಇದೇ, ಸುಮ್ಮನೆ ಲ್ಯಾಬಿನವರ ಮೇಲೆ ತಪ್ಪು ಹೊರಿಸುತ್ತಾರೆ. ಇಡೀ ಹಾಳೆಗೆ ಹೋಗುವ ಫೋಟೋ ಅಂತ ತೆಗೆಯುವಾಗಲೇ ಗೊತ್ತಿದ್ದರೆ ಅಪರ್ಚರ್ ಎರಡು ಸ್ಟಾಪ್ ಮುಚ್ಚಿ (ಒಂದು ಸ್ಟಾಪ್ ಮುಚ್ಚಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಎರಡೂ ಬಾಡಿಗೆ ಇದು ಅನ್ವಯ.

ಎಲ್ಲವೂ ಚೊಕ್ಕ ಬೇಕಾದ ಕಡೆ ಕಥೆ ತಿರುಗುತ್ತದೆ. ಬಾದಾಮಿಯ ಮೂರನೇ ಗುಹೆಯ ಪಡಸಾಲೆಯಲ್ಲಿ ಹತ್ತಿರದ ಕಂಬದ ಕೆತ್ತನೆಯೂ ಬೇಕು, ಸಾಲಿನ ಕೊನೆಯ ಕಂಬವೂ ಬೇಕು. ಆರ್50ರ ಕಿಟ್ ಲೆನ್ಸನ್ನು 18 ಎಂಎಂ, ಎಫ್/8ಕ್ಕೆ ಇಟ್ಟು 2.15 ಮೀಟರಿಗೆ ಫೋಕಸ್ ಮಾಡಿದರೆ 1.1 ಮೀಟರಿನಿಂದ ಹಿಡಿದು ಆಚೆ ದಡದ ಗುಡ್ಡದವರೆಗೂ ಚೊಕ್ಕ. ಆರ್8ರಲ್ಲಿ ಅದೇ ನೋಟಕ್ಕೆ 29 ಎಂಎಂ, ಎಫ್/8 ಇಟ್ಟರೆ ಫೋಕಸ್ 3.5 ಮೀಟರಿಗೆ ಹೋಗಬೇಕು, ಹತ್ತಿರದ ಚೊಕ್ಕ 1.75 ಮೀಟರಿನಿಂದ ಶುರು. ಮುಂದಿನ ಕಂಬ ತಪ್ಪಿತು. ಅದನ್ನು ಹಿಡಿಯಲು ಎಫ್/13ಕ್ಕೆ ಹೋಗಬೇಕು. ಒಂದು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಬೆಳಕು ಕಡಿಮೆಯಾಯಿತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ, ಎರಡೂ ಬಾಡಿಗಳಲ್ಲಿ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಕಿಟ್ ಲೆನ್ಸುಗಳೊಳಗಿನ ಅಲುಗಾಟ ತಡೆಗೂ ಒಂದು ಮಿತಿ ಇದೆ, ಹಾಗಾಗಿ ಶಟರನ್ನು ಬೇಕಾದಷ್ಟು ನಿಧಾನ ಮಾಡುವಂತಿಲ್ಲ. ಉಳಿದ ದಾರಿ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಏರಿಸುವುದು. ಆರ್50ರಲ್ಲಿ 1600 ಇದ್ದರೆ ಆರ್8ರಲ್ಲಿ 4000. ದೊಡ್ಡ ಸೆನ್ಸರಿನ ಕಡಿಮೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಎನ್ನುವ ಲಾಭ ಅಲ್ಲಿಗೆ ಪೂರ್ತಿ ಖರ್ಚಾಯಿತು. ಫೋಟೋ ಎರಡೂ ಒಂದೇ ದರ್ಜೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ವಾಸ್ತು ತೆಗೆಯುವುದೇ ಮುಖ್ಯ ಕೆಲಸವಾದರೆ ಆರ್8 ಕೊಳ್ಳಲು ಡೆಪ್ತಿನ ಕಾರಣ ಯಾವುದೂ ಇಲ್ಲ.

ಇಲಕಲ್ ಸೀರೆ, ಗುಳೇದಗುಡ್ಡ ಖಣ ಮಾರುವವರ ಫೋಟೋ ಕೆಲಸವೂ ಇದೇ ಜಾತಿಯದು. 50 ಎಂಎಂ ಲೆನ್ಸ್ 30 ಸೆಂಟಿಮೀಟರಿನವರೆಗೆ ಹತ್ತಿರ ಹೋಗುತ್ತದೆ, ಆರ್8ರಲ್ಲಿ ಆಗ 144 × 96 ಎಂಎಂ ಜಾಗ ತುಂಬುತ್ತದೆ. ಮಡಿಸಿಟ್ಟ ಸೀರೆಯ ಸೆರಗಿನ ತೆನಿ ಅಷ್ಟು ಹತ್ತಿರದಲ್ಲಿ ಎಫ್/8ಕ್ಕೆ ತೆಗೆದರೆ ಡೆಪ್ತ್ ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ, ಮೇಲಿನ ಮಡಿಕೆ ಚೊಕ್ಕ, ಕೆಳಗಿನದು ಮಸುಕು. ಅಷ್ಟೇ ಜಾಗವನ್ನು ಆರ್50ರಲ್ಲಿ ತುಂಬಿಸಿದರೆ ಅದೇ ಎಫ್/8ಕ್ಕೆ ಸುಮಾರು 1.4 ಸೆಂಟಿಮೀಟರ್. ಕಸೂತಿಯ ಟಾಕು ತೋರಿಸಲು ಇನ್ನೂ ಹತ್ತಿರ ಬೇಕಾದರೆ ಆರ್50 89 × 60 ಎಂಎಂವರೆಗೆ ಹೋಗುತ್ತದೆ. ಬಟ್ಟೆಯನ್ನು ಹಲಗೆಗೆ ಬಿಗಿದು, ಸೆನ್ಸರಿಗೆ ಸಮಾನಾಂತರವಾಗಿ ಇಟ್ಟರೆ ಎರಡು ಕ್ಯಾಮೆರಾಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ವಾಲಿಸಿ ತೆಗೆಯುವಾಗಲೇ ಡೆಪ್ತಿನ ಬರ.

ಬಿಸಿಲಿನಲ್ಲಿ ಈ ಲೆನ್ಸ್ ತೊಂದರೆ ಕೊಡುತ್ತದೆ, ಕಾರಣ ಮಾತ್ರ ಕ್ಯಾಮೆರಾದ ಶಟರಿನಲ್ಲಿದೆ. ವಿಜಯಪುರದ ಬಾರಾ ಕಮಾನಿನ ಕಮಾನುಗಳ ನಡುವೆ ಮಧ್ಯಾಹ್ನದ ಬಿಸಿಲಿಗೆ, ಐಎಸ್‌ಒ 100, ಎಫ್/1.8 ಇಟ್ಟರೆ 1/8000 ಸೆಕೆಂಡ್ ಬೇಕಾಗುತ್ತದೆ. ಎರಡೂ ಬಾಡಿಗಳಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇಲ್ಲ. ಮೊದಲ ಪರದೆ ಎಲೆಕ್ಟ್ರಾನಿಕ್, ಎರಡನೆಯದು ಮಾತ್ರ ನಿಜವಾದ ಪರದೆ, ಅದರ ಮಿತಿ 1/4000. ಮಿತಿಯೊಳಗೇ ಇದ್ದರೂ 1/2000ದ ಆಸುಪಾಸಿನಿಂದ ಮೇಲೆ ಹೋದಂತೆ ಹಿಂದಿನ ಬೆಳಕಿನ ಬಿಲ್ಲೆಗಳ ಒಂದು ಅಂಚು ಕತ್ತರಿಸಿದಂತೆ ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಪರದೆ ಸೆನ್ಸರಿಗಿಂತ ಸ್ವಲ್ಪ ಮುಂದೆ ಓಡುವುದರಿಂದ, ಸೀಳು ಕಿರಿದಾದಾಗ ಅಗಲ ತೂತಿನ ಅಂಚಿನಿಂದ ಬಂದ ಬೆಳಕನ್ನು ಅದು ಮೊದಲೇ ತಡೆಯುತ್ತದೆ. ಬ್ಲರಿಗಾಗಿ ಕೊಟ್ಟ ದುಡ್ಡು ಇಲ್ಲಿ ಕತ್ತರಿಸಿ ಹೋಗುತ್ತದೆ. ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಬದಲಾಯಿಸಿದರೆ ಇದು ಹೋಗುತ್ತದೆ, ಆದರೆ ಓಡಾಡುವ ಮನುಷ್ಯರು ವಾಲಬಹುದು. ಸರಿಯಾದ ಮದ್ದು 43 ಎಂಎಂನ ಎನ್‌ಡಿ8 ಫಿಲ್ಟರ್, ಅಂದರೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಮೂರು ಸ್ಟಾಪ್ ಕಡಿಮೆಯಾಗಿ 1/1000ಕ್ಕೆ ಇಳಿಯುತ್ತದೆ, ಬಿಲ್ಲೆ ದುಂಡಗೆ ಉಳಿಯುತ್ತದೆ.

ಬಿಲ್ಲೆಯ ಆಕಾರದ ಇನ್ನೊಂದು ಮಾತು. ಎಫ್/1.8ರಲ್ಲಿ ಆರ್8ರ ಫ್ರೇಮಿನ ಮೂಲೆಗಳಲ್ಲಿ ಬಿಲ್ಲೆಗಳು ಬೆಕ್ಕಿನ ಕಣ್ಣಿನಂತೆ ಉದ್ದವಾಗುತ್ತವೆ, ಮೂಲೆಗಳು ಕಪ್ಪಿಡುತ್ತವೆ, ಚೊಕ್ಕತನವೂ ಇಳಿಯುತ್ತದೆ. ಆರ್50 ಲೆನ್ಸಿನ ನಡುಭಾಗವನ್ನು ಮಾತ್ರ ಬಳಸುವುದರಿಂದ ಈ ದೋಷಗಳಲ್ಲಿ ಹೆಚ್ಚಿನವು ಫ್ರೇಮಿನ ಹೊರಗೇ ಉಳಿಯುತ್ತವೆ. ಎಫ್/4 ದಾಟಿದರೆ ಎರಡರಲ್ಲೂ ಏಳು ಕೋನ ಇಣುಕುತ್ತವೆ.

ರಾತ್ರಿ ಆರತಕ್ಷತೆಗೆ ಬಂದರೆ ಆರ್8 ಮತ್ತೆ ಮೇಲೇರುತ್ತದೆ. ಡೆಪ್ತಿನ ಚಿಂತೆ ಇಲ್ಲದೆ ಎರಡರಲ್ಲೂ ಎಫ್/1.8 ಇಡುವ ಹಾಗಿದ್ದರೆ ಅದರ ಸೆನ್ಸರ್ 2.6 ಪಟ್ಟು ಹೆಚ್ಚು ಬೆಳಕು ಕೂಡಿಸುತ್ತದೆ, ಕತ್ತಲ ಸಭಾಂಗಣದಲ್ಲಿ ಮುಖದ ಬಣ್ಣ ಕೆಡುವುದಿಲ್ಲ. ಫ್ಲ್ಯಾಶ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಆರ್50ರ ಮೇಲೆ ಫ್ಲ್ಯಾಶ್ ಕೂಡಿಸುವ ಶೂದಲ್ಲಿ ಹಳೆಯ ಮಾದರಿಯ ಸಂಪರ್ಕ ಬಿಂದುಗಳಿಲ್ಲ. ಮನೆಯಲ್ಲಿರುವ ಹಳೆಯ ಸ್ಪೀಡ್‌ಲೈಟ್ (ಕ್ಯಾನನ್ ಫ್ಲ್ಯಾಶ್) ಹಚ್ಚಲು ಎಡಿ-ಇ1 ಅಡಾಪ್ಟರ್ ಬೇರೆ ಕೊಳ್ಳಬೇಕು. ಅದನ್ನು ಬಿಲ್ಲಿಗೆ ಸೇರಿಸಿಯೇ ಬೆಲೆ ಹೋಲಿಸಿ. ಬ್ಯಾಟರಿ ಎರಡರದೂ 1040 ಎಂಎಎಚ್‌ನ ಪುಟ್ಟದು, ಒಂದು ಮದುವೆಗೆ ಮೂರಾದರೂ ಜೇಬಿನಲ್ಲಿರಲಿ.

ಕೊಳ್ಳುವ ಮುನ್ನ ಇದನ್ನೆಲ್ಲ ಅಂಗಡಿಯ ಕೌಂಟರಿನ ಮೇಲೇ ಪರೀಕ್ಷಿಸಬಹುದು, ಆರ್8 ಒಂದೇ ಸಾಕು. ಅದರ ಮೆನುವಿನಲ್ಲಿ 1.6 ಪಟ್ಟು ಕ್ರಾಪ್ ಇದೆ, ಅದನ್ನು ಒತ್ತಿದರೆ ಸೆನ್ಸರಿನ ನಡುಭಾಗ ಮಾತ್ರ ಕೆಲಸ ಮಾಡುತ್ತದೆ, ಚಿತ್ರ ಸುಮಾರು 9 ಮೆಗಾಪಿಕ್ಸೆಲಿಗೆ ಇಳಿಯುತ್ತದೆ. ಅಕ್ಷರ ಇರುವ ಐದು ಡಬ್ಬಿಗಳನ್ನು ಒಂದರ ಹಿಂದೆ ಒಂದು, ಹತ್ತು ಹತ್ತು ಸೆಂಟಿಮೀಟರ್ ಬಿಟ್ಟು, ಸ್ವಲ್ಪ ಓರೆಯಾಗಿ ಜೋಡಿಸಲು ಹೇಳಿ. ನಡುವಿನ ಡಬ್ಬಿಗೆ ಫೋಕಸ್, ಎಫ್/1.8, 2 ಮೀಟರಿನಿಂದ ಫುಲ್ ಫ್ರೇಮಿನಲ್ಲಿ ಒಂದು. ಜಾಗ ಬದಲಿಸದೆ ಕ್ರಾಪಿನಲ್ಲಿ ಇನ್ನೊಂದು. 3.2 ಮೀಟರಿಗೆ ಸರಿದು ಕ್ರಾಪಿನಲ್ಲೇ ಮೂರನೆಯದು. ಮೊದಲನೆಯದರಲ್ಲಿ ಅಕ್ಕಪಕ್ಕದ ಡಬ್ಬಿಗಳ ಅಕ್ಷರ ಸ್ವಲ್ಪ ಮಸುಕು, ಎರಡನೆಯದರಲ್ಲಿ ಇನ್ನೂ ಮಸುಕು, ಮೂರನೆಯದರಲ್ಲಿ ಅವು ಚೊಕ್ಕ. ಮೂರನ್ನೂ ಪರದೆಯಲ್ಲಿ ಒಂದೇ ಅಳತೆಗೆ ಹೋಲಿಸಬೇಕು, ಒಂದನ್ನು ಮಾತ್ರ ಹಿಗ್ಗಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಶಿಫಾರಸು ಹೀಗೆ. ಹೊರಾಂಗಣ, ಪ್ರೀ-ವೆಡ್ಡಿಂಗ್, ಗುಡಿ-ಗುಹೆ, ಸೀರೆ-ಒಡವೆ ಕೆಲಸಕ್ಕೆ ಆರ್50 ಬಾಡಿ, ಮೊದಲ ದಿನವೇ 50 ಎಫ್/1.8. ಉಳಿದ ದುಡ್ಡಿನಲ್ಲಿ ಸಿಗ್ಮಾದ 56 ಎಂಎಂ ಎಫ್/1.4 ತೆಗೆದುಕೊಂಡರೆ ತೂತು 40 ಎಂಎಂ, ಆರ್8ಕ್ಕೆ 85 ಎಫ್/2 ಹಾಕಿದವರ ಹತ್ತಿರಕ್ಕೇ ಬಂದಿರಿ. ಪಡಸಾಲೆಯ ಶಾಸ್ತ್ರ, ರಾತ್ರಿಯ ಮದುವೆ, ದೊಡ್ಡ ಆಲ್ಬಮ್ ಇವೇ ಕಸುಬಾದವರು ಆರ್8 ತೆಗೆದುಕೊಳ್ಳಲಿ, ಆದರೆ ಬಾಡಿ ಮಾತ್ರ. 24-50 ಕಿಟ್ ಲೆನ್ಸಿನ ದುಡ್ಡು 50ಕ್ಕೆ, ಆಮೇಲೆ 85 ಎಫ್/2ಕ್ಕೆ ಹೋಗಲಿ. ಆ 85ರ ಫೋಕಸ್ ಮೋಟಾರು ನಿಧಾನ, ಕುಳಿತವರಿಗೆ, ನಿಂತವರಿಗೆ ಅದು ಚಿನ್ನ, ಮೆರವಣಿಗೆಯಲ್ಲಿ ನಡೆದು ಬರುವವರಿಗೆ ಮಾತ್ರ 50 ಅನ್ನೇ ಹಾಕಿಕೊಳ್ಳಿ.